ದೇಶವೊಂದು ಐಎಲ್‌ಒ ಸೇರುವುದೆಂದರೆ ಏನು? ಅದು ಭಟ್ಟಿ, ಗಣಿಯವರೆಗೆ ಬರುವುದು ಹೇಗೆ?

ಮೇ 1 ಬಂತೆಂದರೆ ದಾವಣಗೆರೆಯ ಮೆರವಣಿಗೆಯಲ್ಲೋ ಚಿತ್ರದುರ್ಗದ ಸಭೆಯಲ್ಲೋ ‘ಐಎಲ್‌ಒ’ (ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ) ಎಂಬ ಹೆಸರು ಒಂದೆರಡು ಸಲವಾದರೂ ಕಿವಿಗೆ ಬೀಳುತ್ತದೆ. ‘ಭಾರತ ಐಎಲ್‌ಒಗೆ ಸಹಿ ಹಾಕಿದೆ, ಆದ್ದರಿಂದ ಇದನ್ನೆಲ್ಲ ಜಾರಿ ಮಾಡಲೇಬೇಕು’ ಎಂದು ವೇದಿಕೆಯ ಮೇಲಿದ್ದವರು ಹೇಳುತ್ತಾರೆ. ‘ಅದು ಜಿನೀವಾದ ಕಾಗದ, ನಮ್ಮ ಮಿಲ್ಲಿಗೂ ಅದಕ್ಕೂ ಏನು ಸಂಬಂಧ’ ಎಂದು ಮಾಲೀಕರ ಕಡೆಯವರು ಹೇಳುತ್ತಾರೆ. ಎರಡೂ ತಪ್ಪು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸದಸ್ಯನಾಗುವುದು ಒಂದು ಕೆಲಸ, ಅದರ ಒಂದೊಂದು ಒಡಂಬಡಿಕೆಯನ್ನು, ಅಂದರೆ ದುಡಿಮೆಯ ಕುರಿತ ಅಂತರರಾಷ್ಟ್ರೀಯ ಒಪ್ಪಂದವನ್ನು, ಅನುಮೋದಿಸುವುದು ಇನ್ನೊಂದು ಕೆಲಸ. ಎರಡನ್ನೂ ಕಲಸಿ ಮಾತಾಡುವುದರಿಂದಲೇ ಈ ಗೊಂದಲ.

ಊರಿನ ಪತ್ತಿನ ಸಹಕಾರ ಸಂಘದಲ್ಲಿ ಷೇರು ಕಟ್ಟಿ ಸದಸ್ಯರಾದವರು ಅದರ ಬೈಲಾಕ್ಕೆ ಬದ್ಧರು. ಸಾಲದ ಪತ್ರಕ್ಕೆ ಸಹಿ ಮಾಡಿದವರು ಮಾತ್ರ ಆ ಸಾಲಕ್ಕೆ ಬದ್ಧರು. ಐಎಲ್‌ಒದಲ್ಲೂ ಹಾಗೆಯೇ: ಸದಸ್ಯತ್ವದಿಂದ ಬರುವ ಹೊಣೆ ಬೇರೆ, ಒಡಂಬಡಿಕೆಯಿಂದ ಬರುವ ಹೊಣೆ ಬೇರೆ. ಸದಸ್ಯತ್ವದಿಂದಲೇ ಬರುವ ಹೊಣೆ ಮೇಲ್ನೋಟಕ್ಕೆ ಕಾಣುವಷ್ಟು ಸಣ್ಣದಲ್ಲ ಎಂಬುದನ್ನು ಮಾತ್ರ ಮೊದಲೇ ಹೇಳಿಬಿಡಬೇಕು.

ಸೇರುವ ದಾರಿ

ಐಎಲ್‌ಒ ಸಂವಿಧಾನದ 1ನೇ ವಿಧಿ ಎರಡು ದಾರಿ ಕೊಡುತ್ತದೆ. ವಿಶ್ವಸಂಸ್ಥೆಯ ಸದಸ್ಯ ದೇಶವಾಗಿದ್ದರೆ ದಾರಿ ತೀರಾ ಚಿಕ್ಕದು. ‘ಐಎಲ್‌ಒ ಸಂವಿಧಾನದ ಹೊಣೆಗಳನ್ನು ಔಪಚಾರಿಕವಾಗಿ ಒಪ್ಪಿಕೊಳ್ಳುತ್ತೇವೆ’ ಎಂಬ ಪತ್ರವನ್ನು ಮಹಾ ನಿರ್ದೇಶಕರಿಗೆ ಕಳಿಸಿದರೆ ಸಾಕು. ಮತದಾನವಿಲ್ಲ, ಸಂದರ್ಶನವಿಲ್ಲ, ‘ನಿಮ್ಮ ಕಾರ್ಮಿಕ ಕಾನೂನು ಸರಿಯಿದೆಯೇ’ ಎಂಬ ಪರೀಕ್ಷೆಯೂ ಇಲ್ಲ. 2016ರ ಫೆಬ್ರವರಿ 24ರಂದು ಪೆಸಿಫಿಕ್ ಸಾಗರದ ಪುಟ್ಟ ದ್ವೀಪರಾಷ್ಟ್ರ ಟೊಂಗಾ 187ನೇ ಸದಸ್ಯನಾದದ್ದು ಈ ದಾರಿಯಲ್ಲೇ.

ವಿಶ್ವಸಂಸ್ಥೆಯಲ್ಲಿ ಇಲ್ಲದ ದೇಶಕ್ಕೆ ದಾರಿ ಉದ್ದ. ಅಂಥ ದೇಶವನ್ನು ಸೇರಿಸಿಕೊಳ್ಳಲು ಐಎಲ್‌ಒ ಸಮ್ಮೇಳನದಲ್ಲಿ ಮತ ಹಾಕಬೇಕು. ಹಾಜರಿರುವ ಪ್ರತಿನಿಧಿಗಳಲ್ಲಿ ಮೂರನೇ ಎರಡು ಭಾಗ ಒಪ್ಪಿದರೆ ಸಾಲದು, ಮತ ಹಾಕಿದ ಸರ್ಕಾರಿ ಪ್ರತಿನಿಧಿಗಳಲ್ಲೂ ಪ್ರತ್ಯೇಕವಾಗಿ ಮೂರನೇ ಎರಡು ಭಾಗ ಒಪ್ಪಬೇಕು. ನೆರೆಯ ಶ್ರೀಲಂಕಾ, ಆಗಿನ ಸಿಲೋನ್, 1948ರಲ್ಲೇ ಐಎಲ್‌ಒ ಸದಸ್ಯ. ವಿಶ್ವಸಂಸ್ಥೆಗೆ ಅದು ಹೋದದ್ದು 1955ರಲ್ಲಿ. ಕುಕ್ ದ್ವೀಪಗಳು ವಿಶ್ವಸಂಸ್ಥೆಯ ಸದಸ್ಯನಾಗದೆಯೇ 2015ರ ಜೂನ್‌ನಲ್ಲಿ ಐಎಲ್‌ಒ ಸೇರಿದವು. ಸ್ವಿಟ್ಜರ್ಲೆಂಡ್‌ ಕಥೆ ಇನ್ನೂ ವಿಚಿತ್ರ: ಐಎಲ್‌ಒದ ಕೇಂದ್ರ ಕಚೇರಿ (ಜಿನೀವಾ) ಇರುವ ದೇಶ ಅದು, 1920ರಿಂದ ಅದರ ಸದಸ್ಯ, ಆದರೆ ವಿಶ್ವಸಂಸ್ಥೆ ಸೇರಿದ್ದು 2002ರಲ್ಲಿ. ಇದರ ತಿರುವುಮುರುವೂ ಉಂಟು. ನೇಪಾಳ ವಿಶ್ವಸಂಸ್ಥೆ ಸೇರಿ 11 ವರ್ಷವಾದ ಮೇಲೆ, 1966ರಲ್ಲಿ, ಐಎಲ್‌ಒಗೆ ಬಂತು. ಮಾಲ್ಡೀವ್ಸ್ 44 ವರ್ಷ ತಡಮಾಡಿ 2009ರಲ್ಲಿ ಬಂತು. ಭೂತಾನ್ 1971ರಲ್ಲೇ ವಿಶ್ವಸಂಸ್ಥೆ ಸೇರಿದರೂ ದಶಕಗಳ ಕಾಲ ಐಎಲ್‌ಒದ ಹೊರಗೇ ಉಳಿಯಿತು. ಒಂದರಲ್ಲಿ ಇದ್ದರೆ ಇನ್ನೊಂದರಲ್ಲೂ ಇದ್ದಂತೆ ಎಂಬ ಲೆಕ್ಕ ನಡೆಯುವುದಿಲ್ಲ.

ಪತ್ರ ಒಂದೇ ಪುಟದ್ದಿರಬಹುದು, ಆದರೆ ಅದನ್ನು ಕೆಡಿಸಲು ಹಲವು ದಾರಿಗಳಿವೆ. ‘ಸೇರಲು ಇಚ್ಛಿಸುತ್ತೇವೆ’ ಎಂದು ಬರೆದರೆ ಅದು ಇಚ್ಛೆಯ ಮಾತಾಯಿತು, ಒಪ್ಪಿಗೆಯ ಮಾತಾಗಲಿಲ್ಲ. ಸಂವಿಧಾನ ಕೇಳುವುದು ಹೊಣೆಗಳ ಒಪ್ಪಿಗೆಯನ್ನು. ‘ನಮ್ಮ ದೇಶದ ಕಾನೂನಿಗೆ ಒಳಪಟ್ಟು ಒಪ್ಪುತ್ತೇವೆ’ ಎಂದು ಬಾಲ ಸೇರಿಸಿದರೂ ತೊಡಕು, ಏಕೆಂದರೆ ಇಡೀ ಸಂವಿಧಾನವನ್ನು ಒಪ್ಪಬೇಕೇ ಹೊರತು ಬೇಕಾದ ವಿಧಿಗಳನ್ನು ಆರಿಸಿಕೊಳ್ಳುವಂತಿಲ್ಲ. ಮೂರನೆಯದು ಸಹಿ. ದೇಶವನ್ನು ಬದ್ಧಗೊಳಿಸುವ ಅಧಿಕಾರ ರಾಷ್ಟ್ರದ ಮುಖ್ಯಸ್ಥ, ಸರ್ಕಾರದ ಮುಖ್ಯಸ್ಥ ಅಥವಾ ವಿದೇಶಾಂಗ ಸಚಿವರಿಗೆ ಇರುತ್ತದೆ. ಕಾರ್ಮಿಕ ಸಚಿವರ ಸಹಿಯಿದ್ದರೆ ಅವರಿಗೆ ಆ ಅಧಿಕಾರ ಕೊಟ್ಟ ಪತ್ರವೂ ಜೊತೆಗೆ ಬೇಕಾಗುತ್ತದೆ. ಇನ್ನು ಆ ದೇಶದ ಕಾನೂನಿನ ಪ್ರಕಾರ ಸಂಸತ್ತಿನ ಒಪ್ಪಿಗೆ ಬೇಕಿದ್ದರೆ ಅದನ್ನು ಮುಗಿಸಿಕೊಂಡೇ ಪತ್ರ ಹೊರಡಬೇಕು. ಇಲ್ಲದಿದ್ದರೆ ಹೊರಗೆ ಸದಸ್ಯ, ಒಳಗೆ ವಿವಾದ.

ಸದಸ್ಯನಾದ ದಿನದಿಂದ

ಮೊದಲ ಖರ್ಚು ವಾರ್ಷಿಕ ವಂತಿಗೆ. ಇದನ್ನು ವಿಶ್ವಸಂಸ್ಥೆಯ ಹಂಚಿಕೆಯ ಅಳತೆಯನ್ನೇ ಅನುಸರಿಸಿ ನಿಗದಿ ಮಾಡುತ್ತಾರೆ. ತೀರಾ ಸಣ್ಣ ದೇಶಕ್ಕೆ ಬಜೆಟ್‌ನ ಶೇ 0.001, ಅತಿ ದೊಡ್ಡ ಪಾಲಿಗೆ ಶೇ 22ರ ಮಿತಿ. ಬಾಕಿಯ ಮೊತ್ತ ಹಿಂದಿನ ಎರಡು ಪೂರ್ಣ ವರ್ಷಗಳ ವಂತಿಗೆಯಷ್ಟಾದರೆ ಅಥವಾ ಮೀರಿದರೆ ಮತದ ಹಕ್ಕು ಹೋಗುತ್ತದೆ. ಕೈಮೀರಿದ ಕಾರಣದಿಂದ ಬಾಕಿಯಾಗಿದೆ ಎಂದು ಸಮ್ಮೇಳನ ಮೂರನೇ ಎರಡು ಬಹುಮತದಿಂದ ಒಪ್ಪಿದರೆ ಮಾತ್ರ ವಿನಾಯಿತಿ.

ದುಡ್ಡಿಗಿಂತ ಕಷ್ಟದ್ದು ಪ್ರತಿನಿಧಿಗಳನ್ನು ಕಳಿಸುವುದು. ಬೇರೆ ಅಂತರರಾಷ್ಟ್ರೀಯ ಸಂಸ್ಥೆಗಳಲ್ಲಿ ಸರ್ಕಾರ ಒಂದೇ ಕೂರುತ್ತದೆ. ಇಲ್ಲಿ ಪ್ರತಿ ದೇಶಕ್ಕೂ ನಾಲ್ಕು ಕುರ್ಚಿ: ಸರ್ಕಾರದವು ಎರಡು, ಮಾಲೀಕರದ್ದು ಒಂದು, ಕಾರ್ಮಿಕರದ್ದು ಒಂದು. ನಾಲ್ವರೂ ಪ್ರತ್ಯೇಕವಾಗಿ ಮತ ಹಾಕುತ್ತಾರೆ. ಭಾರತದ ಕಾರ್ಮಿಕ ಪ್ರತಿನಿಧಿ ಭಾರತ ಸರ್ಕಾರದ ವಿರುದ್ಧವೇ ಮತ ಹಾಕಬಹುದು, ಅದರಲ್ಲಿ ಅಪಚಾರವೇನೂ ಇಲ್ಲ. ಒಂದು ದೇಶ ಮಾಲೀಕರ ಪ್ರತಿನಿಧಿಯನ್ನು ಕಳಿಸಿ ಕಾರ್ಮಿಕ ಪ್ರತಿನಿಧಿಯನ್ನು ನೇಮಿಸದೇ ಹೋದರೆ, ಬಂದ ಮಾಲೀಕ ಪ್ರತಿನಿಧಿ ಕೂರಬಹುದು, ಮಾತಾಡಬಹುದು, ಮತ ಹಾಕುವಂತಿಲ್ಲ. 4ನೇ ವಿಧಿಯ ಈ ಜಾಣತನವನ್ನು ಮೆಚ್ಚಲೇಬೇಕು: ಒಬ್ಬರನ್ನು ಬಿಟ್ಟುಬಂದರೆ ಇನ್ನೊಬ್ಬರ ಮತವೂ ಹೋಗುತ್ತದೆ.

ಕಾರ್ಮಿಕ ಪ್ರತಿನಿಧಿಯನ್ನು ಸರ್ಕಾರ ತನಗಿಷ್ಟ ಬಂದಂತೆ ಆರಿಸುವಂತಿಲ್ಲ. ಹೆಚ್ಚು ಪ್ರಾತಿನಿಧಿಕವಾದ ಸಂಘಗಳ ಒಪ್ಪಿಗೆ ಪಡೆದೇ ನೇಮಿಸಬೇಕು. ಈ ವಿಚಾರದಲ್ಲಿ ಜಗಳ ಶುರುವಾದದ್ದು ಸಂಘಟನೆ ಹುಟ್ಟಿದ ಮರುವರ್ಷಗಳಲ್ಲೇ. 1921ರಲ್ಲಿ ನೆದರ್‌ಲ್ಯಾಂಡ್ಸ್ ತನ್ನ ಕಾರ್ಮಿಕ ಪ್ರತಿನಿಧಿಯನ್ನು ನೇಮಿಸಿದ ರೀತಿ ಸರಿಯೇ ಎಂಬ ಪ್ರಶ್ನೆ ಹೇಗ್‌ನ ಕಾಯಂ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಆ ನ್ಯಾಯಾಲಯ 1922ರಲ್ಲಿ ಕೊಟ್ಟ ಮೊಟ್ಟಮೊದಲ ಸಲಹಾ ಅಭಿಪ್ರಾಯ ಇದೇ. ನಮ್ಮಲ್ಲಿ 1919ರ ವಾಷಿಂಗ್ಟನ್ ಸಮ್ಮೇಳನಕ್ಕೆ ಎನ್.ಎಂ. ಜೋಶಿ ಅವರನ್ನು ಕಾರ್ಮಿಕ ಪ್ರತಿನಿಧಿಯಾಗಿ ಸರ್ಕಾರವೇ ಆರಿಸಿ ಕಳಿಸಿತ್ತು. ಕಾರ್ಮಿಕರ ಪರವಾಗಿ ಹೆಸರು ಹೇಳಬಲ್ಲ ಅಖಿಲ ಭಾರತ ಸಂಘವೇ ಆಗ ಇರಲಿಲ್ಲ. 1920ರ ಅಕ್ಟೋಬರ್ 31ರಂದು ಮುಂಬೈಯಲ್ಲಿ ಲಾಲಾ ಲಜಪತ ರಾಯ್ ಅಧ್ಯಕ್ಷತೆಯಲ್ಲಿ ಎಐಟಿಯುಸಿ (ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್) ಹುಟ್ಟಲು ಇದ್ದ ಕಾರಣಗಳಲ್ಲಿ ಐಎಲ್‌ಒಗೆ ಪ್ರತಿನಿಧಿ ಕಳಿಸುವ ಅಗತ್ಯವೂ ಒಂದು. ಹೊಸದಾಗಿ ಸೇರುವ ಪುಟ್ಟ ದೇಶಗಳಿಗೆ ಇವತ್ತಿಗೂ ಇದೇ ತಲೆನೋವು. ಪತ್ರ ಕಳಿಸುವುದು ಒಂದು ವಾರದ ಕೆಲಸ. ಸರ್ಕಾರದ ಹಂಗಿಲ್ಲದ ಯೂನಿಯನ್ನು, ಮಾಲೀಕರ ಸಂಘ ಬೆಳೆಯಲು ವರ್ಷಗಳೇ ಬೇಕು.

ಮೂರನೆಯ ಹೊಣೆ ಕಾಗದಪತ್ರದ್ದು. ಸಮ್ಮೇಳನ ಹೊಸ ಒಡಂಬಡಿಕೆ ಅಂಗೀಕರಿಸಿದರೆ, ತನ್ನ ಪ್ರತಿನಿಧಿ ಅದರ ವಿರುದ್ಧ ಮತ ಹಾಕಿದ್ದರೂ, ಆ ಒಡಂಬಡಿಕೆಯನ್ನು 12 ತಿಂಗಳೊಳಗೆ, ತಡವಾದರೆ ಹೆಚ್ಚೆಂದರೆ 18 ತಿಂಗಳೊಳಗೆ, ಕಾನೂನು ಮಾಡುವ ಅಧಿಕಾರವುಳ್ಳವರ ಮುಂದೆ ಇಡಬೇಕು. ನಮ್ಮಲ್ಲಿ ಅದು ಸಂಸತ್ತು. ಮುಂದೆ ಇಡುವುದು ಕಡ್ಡಾಯ, ಒಪ್ಪುವುದು ಕಡ್ಡಾಯವಲ್ಲ. ಒಪ್ಪದ ಒಡಂಬಡಿಕೆಯ ಬಗ್ಗೆಯೂ ಆಡಳಿತ ಮಂಡಳಿ ಕೇಳಿದಾಗ ‘ಯಾಕೆ ಒಪ್ಪಿಲ್ಲ, ನಿಮ್ಮಲ್ಲಿ ಸ್ಥಿತಿ ಏನಿದೆ’ ಎಂದು ವರದಿ ಕೊಡಬೇಕು.

ನಾಲ್ಕನೆಯದೇ ಗಟ್ಟಿಯಾದದ್ದು. ಐಎಲ್‌ಒದ 1998ರ ಘೋಷಣೆಯ ಪ್ರಕಾರ ದುಡಿಮೆಯ ಮೂಲಭೂತ ಹಕ್ಕುಗಳನ್ನು ಗೌರವಿಸುವ ಹೊಣೆ ಸದಸ್ಯತ್ವದ ಕಾರಣದಿಂದಲೇ ಬರುತ್ತದೆ, ಸಂಬಂಧಪಟ್ಟ ಒಡಂಬಡಿಕೆಯನ್ನು ಅನುಮೋದಿಸಿರಲಿ ಬಿಡಲಿ. ಸಂಘ ಕಟ್ಟುವುದು ಮತ್ತು ಸಾಮೂಹಿಕ ಚೌಕಾಸಿ, ಬಲವಂತದ ದುಡಿಮೆಯ ನಿರ್ಮೂಲನೆ, ಬಾಲ ಕಾರ್ಮಿಕ ಪದ್ಧತಿಯ ನಿರ್ಮೂಲನೆ, ತಾರತಮ್ಯವಿಲ್ಲದ ಉದ್ಯೋಗ, ಇವು ಮೊದಲಿನ ನಾಲ್ಕು. 2022ರ ಜೂನ್‌ನಲ್ಲಿ ಸುರಕ್ಷಿತ ಹಾಗೂ ಆರೋಗ್ಯಕರ ಕೆಲಸದ ವಾತಾವರಣ ಐದನೆಯದಾಗಿ ಸೇರಿತು. ಇದು ಚಿತ್ರದುರ್ಗದ ಗಣಿ, ಕಲ್ಲು ಕ್ವಾರಿ, ಜಲ್ಲಿ ಕ್ರಷರ್‌ಗಳಿಗೆ ನೇರ ಸಂಬಂಧಪಟ್ಟ ಮಾತು. ಸುರಕ್ಷತೆಯ ಎರಡು ಮೂಲಭೂತ ಒಡಂಬಡಿಕೆಗಳಾದ 155 ಮತ್ತು 187ನ್ನು ಆಗ ಭಾರತ ಅನುಮೋದಿಸಿರಲಿಲ್ಲ. ಆದರೂ ಕಲ್ಲುಪುಡಿಯ ದೂಳು ಕುಡಿದು ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ತಡೆಯಲು ಏನು ಮಾಡುತ್ತಿದ್ದೀರಿ ಎಂಬ ಪ್ರಶ್ನೆಗೆ ‘ನಾವು ಅದನ್ನು ಒಪ್ಪಿಲ್ಲ’ ಎಂಬ ಉತ್ತರ ಅಂದಿನಿಂದ ಪೂರ್ತಿ ಉತ್ತರವಾಗಿ ಉಳಿದಿಲ್ಲ. ಅನುಮೋದಿಸದ ಮೂಲಭೂತ ಒಡಂಬಡಿಕೆಗಳ ಬಗ್ಗೆ ಪ್ರತಿವರ್ಷ ವರದಿ ಕೊಡಬೇಕು.

ಭಾರತ ಸದಸ್ಯನಾದಾಗ ದಾವಣಗೆರೆ ಎಲ್ಲಿತ್ತು?

ಭಾರತ ಯಾವ ಪತ್ರವನ್ನೂ ಬರೆದು ಸೇರಿದ್ದಲ್ಲ. ಐಎಲ್‌ಒ ಹುಟ್ಟಿದ್ದು 1919ರ ವರ್ಸೇಲ್ಸ್ ಒಪ್ಪಂದದ 13ನೇ ಭಾಗವಾಗಿ. ಆ ಒಪ್ಪಂದಕ್ಕೆ ಭಾರತದ ಹೆಸರಲ್ಲೂ ಸಹಿ ಬಿದ್ದಿತ್ತು, ಹಾಗಾಗಿ ಸ್ವಾತಂತ್ರ್ಯಕ್ಕೆ 28 ವರ್ಷ ಮೊದಲೇ ಸ್ಥಾಪಕ ಸದಸ್ಯ. 1922ರಲ್ಲಿ ಪ್ರಮುಖ ಕೈಗಾರಿಕಾ ರಾಷ್ಟ್ರ ಎಂಬ ಲೆಕ್ಕದಲ್ಲಿ ಆಡಳಿತ ಮಂಡಳಿಯಲ್ಲೂ ಕುರ್ಚಿ ಸಿಕ್ಕಿತು. ಈಗಿನ ಮಂಡಳಿಯ 56 ಸ್ಥಾನಗಳಲ್ಲಿ 28 ಸರ್ಕಾರಗಳವು, 14 ಮಾಲೀಕರವು, 14 ಕಾರ್ಮಿಕರವು. ಚುನಾವಣೆಯಿಲ್ಲದೆ ಕೂರುವ ಹತ್ತು ಸರ್ಕಾರಗಳಲ್ಲಿ ಭಾರತವೂ ಒಂದು.

ವಾಷಿಂಗ್ಟನ್ನಿನಲ್ಲಿ ಅಂಗೀಕಾರವಾದ ಮೊದಲನೇ ಒಡಂಬಡಿಕೆ ಕೈಗಾರಿಕೆಯಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದಿತು. ಭಾರತಕ್ಕೆ ಮಾತ್ರ ಪ್ರತ್ಯೇಕ ವಿಧಿ, 10ನೆಯದು: ಬ್ರಿಟಿಷ್ ಇಂಡಿಯಾದಲ್ಲಿ ವಾರಕ್ಕೆ 60 ಗಂಟೆ. ಭಾರತ ಇದನ್ನು 1921ರ ಜುಲೈ 14ರಂದು ಅನುಮೋದಿಸಿತು, 1922ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಬಂತು.

ಆ ವಿಧಿಯಲ್ಲಿದ್ದ ‘ಬ್ರಿಟಿಷ್ ಇಂಡಿಯಾ’ ಎಂಬ ಎರಡು ಪದಗಳು ನಮ್ಮ ಕಡೆಗೆ ಮಹತ್ವದವು. ದಾವಣಗೆರೆ ಆಗ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ ಮೈಸೂರು ಮಹಾರಾಜರ ಸಂಸ್ಥಾನ. ಪಕ್ಕದ ಹರಪನಹಳ್ಳಿ ಬಳ್ಳಾರಿ ಜಿಲ್ಲೆಯದು, ಅಂದರೆ ಮದ್ರಾಸ್ ಪ್ರಾಂತ್ಯ. ಹಾಗಾಗಿ 60 ಗಂಟೆಯ ಮಾತು ಹರಪನಹಳ್ಳಿಯ ಗಡಿಯವರೆಗೆ ಬಂದು ನಿಂತಿತು. 1930ರ ದಶಕದಲ್ಲಿ ದಾವಣಗೆರೆಯಲ್ಲಿ ಹತ್ತಿ ಮಿಲ್ಲುಗಳು ಎದ್ದಾಗ ಅವುಗಳ ಪಾಳಿಯ ಲೆಕ್ಕ ಸಂಸ್ಥಾನದ ಕಾನೂನಿನದು, ಜಿನೀವಾದ್ದಲ್ಲ. ಬ್ರಿಟಿಷ್ ಭಾರತದಲ್ಲಿ 1934ರ ಕಾಯ್ದೆ ವರ್ಷವಿಡೀ ನಡೆಯುವ ಕಾರ್ಖಾನೆಗಳಿಗೆ 54 ಗಂಟೆ ಎಂದಿತು, 1946ರ ತಿದ್ದುಪಡಿ 48ಕ್ಕೆ ಇಳಿಸಿತು, 1948ರ ಕಾರ್ಖಾನೆ ಕಾಯ್ದೆ ಅದನ್ನೇ ಉಳಿಸಿಕೊಂಡಿತು.

ಇಲ್ಲೊಂದು ತಮಾಷೆಯಿದೆ. 2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48ರ ಮಿತಿಯೊಳಗೆ ದಿನಕ್ಕೆ 12 ಗಂಟೆವರೆಗೆ ದುಡಿಸಲು ದಾರಿ ಮಾಡಿದಾಗ ‘ಐಎಲ್‌ಒದ ಎಂಟು ಗಂಟೆ ಒಪ್ಪಂದ ಮುರಿದರು’ ಎಂಬ ಆಕ್ಷೇಪ ಕೇಳಬಹುದಾಗಿತ್ತು. ಮೊದಲನೇ ಒಡಂಬಡಿಕೆಯನ್ನು ಬಿಚ್ಚಿ ನೋಡಿದರೆ ಆ ವಾದ ನಿಲ್ಲುವುದಿಲ್ಲ. ಅದು ಭಾರತಕ್ಕೆ ಕಟ್ಟಿದ್ದು 60 ಗಂಟೆಯ ವಾರವನ್ನು. 12 ಗಂಟೆಯ ಪಾಳಿಯನ್ನು ವಿರೋಧಿಸಲು ಬೇರೆ ಬಲವಾದ ಕಾರಣಗಳಿವೆ, ಈ ಕಾಗದ ಮಾತ್ರ ಅದಕ್ಕೆ ಒದಗುವುದಿಲ್ಲ.

ಅನುಮೋದನೆ ಎಂಬ ಎರಡನೇ ಸಹಿ

ಒಡಂಬಡಿಕೆಯನ್ನು ಅನುಮೋದಿಸಿದ ಪತ್ರ ಜಿನೀವಾದಲ್ಲಿ ನೋಂದಣಿಯಾದ 12 ತಿಂಗಳ ನಂತರ ಅದು ಆ ದೇಶಕ್ಕೆ ಜಾರಿಗೆ ಬರುತ್ತದೆ. ಷರತ್ತು ಹಾಕಿ ಒಪ್ಪುವಂತಿಲ್ಲ. ಒಡಂಬಡಿಕೆಯೇ ಆಯ್ಕೆ ಕೊಟ್ಟಿದ್ದರೆ ಆ ಆಯ್ಕೆಯನ್ನು ಘೋಷಿಸಬಹುದು, ಅಷ್ಟೆ. ಭಾರತದ್ದು ಇಲ್ಲಿ ನಿಧಾನದ ನಡೆ: ಮೊದಲು ದೇಶದ ಕಾನೂನನ್ನು ಸರಿಹೊಂದಿಸಿಕೊಳ್ಳುವುದು, ಆಮೇಲೆ ಅನುಮೋದಿಸುವುದು. ಕೆಲವು ದೇಶಗಳು ಮೊದಲು ಒಪ್ಪಿ ಆಮೇಲೆ ಒದ್ದಾಡುತ್ತವೆ. ಯಾವುದು ಮೇಲು ಎಂಬ ಚರ್ಚೆ ಹಳೆಯದು. ನಮ್ಮ ರೀತಿಯಲ್ಲಿ ಮಾತು ತಪ್ಪುವುದು ಕಡಿಮೆ, ಆದರೆ ‘ಕಾನೂನು ಇನ್ನೂ ಸರಿಹೊಂದಿಲ್ಲ’ ಎಂಬ ನೆಪದಲ್ಲಿ ದಶಕಗಳೇ ಕಳೆಯಬಹುದು.

ಈ ನಡೆ ಸ್ಪಷ್ಟವಾಗಿ ಕಾಣುವುದು ಮಕ್ಕಳ ದುಡಿಮೆಯ ವಿಷಯದಲ್ಲಿ. ಕನಿಷ್ಠ ವಯಸ್ಸಿನ 138ನೇ ಒಡಂಬಡಿಕೆ 1973ರದ್ದು, ಅತಿ ಹೀನ ಬಾಲದುಡಿಮೆಯ 182ನೆಯದು 1999ರದ್ದು. ಭಾರತದ 1986ರ ಕಾಯ್ದೆ 14 ವರ್ಷದೊಳಗಿನ ಮಕ್ಕಳನ್ನು ಕೆಲವು ಅಪಾಯದ ಕೆಲಸಗಳಿಂದ ಮಾತ್ರ ದೂರವಿಟ್ಟಿತ್ತು, ಉಳಿದವುಗಳಿಗೆ ಬರೀ ನಿಯಂತ್ರಣ. ಈ ಸ್ಥಿತಿಯಲ್ಲಿ ಎರಡನ್ನೂ ಒಪ್ಪುವಂತಿರಲಿಲ್ಲ. 2016ರ ತಿದ್ದುಪಡಿ 14ರ ಕೆಳಗಿನವರಿಗೆ ಎಲ್ಲ ಉದ್ಯೋಗವನ್ನೂ ನಿಷೇಧಿಸಿತು, 14ರಿಂದ 18ರ ನಡುವಿನವರಿಗೆ ಗಣಿ, ಸ್ಫೋಟಕ ಮತ್ತು ಬೆಂಕಿ ಹೊತ್ತಿಕೊಳ್ಳುವ ವಸ್ತು, ಅಪಾಯಕಾರಿ ಪ್ರಕ್ರಿಯೆಗಳನ್ನು ನಿಷೇಧಿಸಿತು. 2017ರ ಜೂನ್ 13ರಂದು ಭಾರತ ಎರಡನ್ನೂ ಅನುಮೋದಿಸಿತು. 138ರ ಅಡಿ ಕನಿಷ್ಠ ವಯಸ್ಸು 14 ಎಂದು ಘೋಷಿಸಿತು. ಅಂದಹಾಗೆ 182ನೆಯದನ್ನು 2020ರ ಆಗಸ್ಟ್‌ನಲ್ಲಿ ಟೊಂಗಾ ಅನುಮೋದಿಸಿದಾಗ, ಎಲ್ಲ 187 ಸದಸ್ಯರೂ ಒಪ್ಪಿದ ಮೊದಲ ಐಎಲ್‌ಒ ಒಡಂಬಡಿಕೆ ಅದಾಯಿತು.

ಈಗ ದಾವಣಗೆರೆಯ ಮಂಡಕ್ಕಿ ಭಟ್ಟಿಗೆ ಬನ್ನಿ. ಹನ್ನೆರಡು ವರ್ಷದ ಹುಡುಗನನ್ನು ಕೂಲಿಗಿಟ್ಟುಕೊಂಡ ಮಾಲೀಕನ ಮೇಲೆ ಐಎಲ್‌ಒ ಕೇಸು ಹಾಕುವುದಿಲ್ಲ, ಹಾಕಲೂ ಆಗುವುದಿಲ್ಲ. ಕೇಸು ಹಾಕುವುದು 2016ರಲ್ಲಿ ತಿದ್ದಿದ ಕಾಯ್ದೆಯಡಿ ನಮ್ಮ ಕಾರ್ಮಿಕ ಇಲಾಖೆ: 6 ತಿಂಗಳಿಂದ 2 ವರ್ಷ ಜೈಲು, ಅಥವಾ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. ಅದೇ ಹುಡುಗ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ತನ್ನ ಮನೆಯವರದೇ ಕಸುಬಿಗೆ ಕೈಜೋಡಿಸಿದರೆ, ಕೆಲಸ ಅಪಾಯಕಾರಿ ಪಟ್ಟಿಯಲ್ಲಿ ಇಲ್ಲದಿದ್ದರೆ, ಕಾಯ್ದೆ ಬಿಡುತ್ತದೆ. ಭಟ್ಟಿಯಂಥ ಮನೆಕಸುಬಿನ ಕಡೆ ತಪಾಸಣೆ ಎಡವುವುದು ಸರಿಯಾಗಿ ಈ ಕಿಂಡಿಯಲ್ಲೇ: ‘ಇವನು ನಮ್ಮ ಅಕ್ಕನ ಮಗ’ ಎಂದರೆ ನಿರೀಕ್ಷಕರು ಸಂಬಂಧ ತನಿಖೆ ಮಾಡಬೇಕು, ಶಾಲೆಯ ಹಾಜರಿ ನೋಡಬೇಕು.

ತಪಾಸಣೆಯದೇ ಇನ್ನೊಂದು ಒಡಂಬಡಿಕೆ, 1947ರ 81ನೆಯದು. ಭಾರತ ಅನುಮೋದಿಸಿದ್ದು 1949ರಲ್ಲಿ. ನಿರೀಕ್ಷಕರು ಮುನ್ಸೂಚನೆ ಇಲ್ಲದೆ ಹಗಲಾಗಲಿ ರಾತ್ರಿಯಾಗಲಿ ತಪಾಸಣೆಗೆ ಒಳಪಟ್ಟ ಯಾವುದೇ ಕೆಲಸದ ಸ್ಥಳಕ್ಕೆ ಹೋಗಬಹುದು ಎನ್ನುತ್ತದೆ ಅದರ 12ನೇ ವಿಧಿ. ಅದರಲ್ಲಿ ವಾಣಿಜ್ಯ ಸ್ಥಳಗಳ ತಪಾಸಣೆಗೆ ಸಂಬಂಧಿಸಿದ ಎರಡನೇ ಭಾಗವನ್ನು ಬಿಟ್ಟು ಒಪ್ಪಲು ಅವಕಾಶವಿದೆ, ಭಾರತ ಹಾಗೆಯೇ ಒಪ್ಪಿದೆ. ಆದ್ದರಿಂದ ಚಳ್ಳಕೆರೆಯ ಎಣ್ಣೆ ಮಿಲ್ಲು 81ರ ವ್ಯಾಪ್ತಿಯೊಳಗೆ, ಪೇಟೆಯ ಬಟ್ಟೆ ಅಂಗಡಿ ಹೊರಗೆ. ಅಂಗಡಿಯ ತಪಾಸಣೆ ನಡೆಯುವುದು ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ. ಕಂಪ್ಯೂಟರ್ ಆರಿಸಿದ ಕಡೆ ಮಾತ್ರ ತಪಾಸಣೆ, ಮಾಲೀಕರೇ ‘ಎಲ್ಲ ಸರಿಯಿದೆ’ ಎಂದು ಬರೆದುಕೊಡುವ ಸ್ವಯಂ ಪ್ರಮಾಣಪತ್ರ, ಇವು 81ಕ್ಕೆ ಹೊಂದುತ್ತವೆಯೇ ಎಂಬುದು ಜಿನೀವಾದಲ್ಲಿ ಚರ್ಚೆಯಾಗಿದೆ. 2019ರ ಸಮ್ಮೇಳನದಲ್ಲಿ ಭಾರತ ಈ ಒಡಂಬಡಿಕೆಯ ಬಗ್ಗೆ ಒಡಂಬಡಿಕೆಗಳ ಪಾಲನೆಯನ್ನು ಪರಿಶೀಲಿಸುವ ಸಮಿತಿಯ ಮುಂದೆ ಉತ್ತರ ಕೊಡಬೇಕಾಯಿತು.

ಅನುಮೋದಿಸದವುಗಳಲ್ಲಿ ಎದ್ದು ಕಾಣುವುದು ಸಂಘ ಕಟ್ಟುವ ಸ್ವಾತಂತ್ರ್ಯದ 87 ಮತ್ತು ಸಾಮೂಹಿಕ ಚೌಕಾಸಿಯ 98. ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕು, ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವ ಹಕ್ಕು ಮುಂತಾದವನ್ನು ಕೊಡಬೇಕಾಗುತ್ತದೆ, ಅವು ಸೇವಾ ನಿಯಮಗಳಿಗೆ ವಿರುದ್ಧ ಎಂಬುದು ಸರ್ಕಾರ ಕೊಡುತ್ತ ಬಂದಿರುವ ಕಾರಣ. ಹಾಗೆಂದು ಖಾಸಗಿ ಮಿಲ್ಲಿನ ಕಾರ್ಮಿಕರಿಗೆ ಯೂನಿಯನ್ ಕಟ್ಟುವ ಹಕ್ಕಿಲ್ಲವೆಂದಲ್ಲ. ಅದು ನಮ್ಮ ಸಂವಿಧಾನದ 19ನೇ ವಿಧಿಯಲ್ಲೇ ಇದೆ.

ಇಲ್ಲಿಂದ ಜಿನೀವಾಕ್ಕೆ

ಒಬ್ಬ ಕಾರ್ಮಿಕ ತನ್ನ ಬಟವಾಡೆ ಬಾಕಿಗಾಗಿ ಐಎಲ್‌ಒಗೆ ಅರ್ಜಿ ಹಾಕಿದರೆ ಏನೂ ಆಗುವುದಿಲ್ಲ. ಅದು ವ್ಯಕ್ತಿಗಳ ದೂರು ಕೇಳುವ ನ್ಯಾಯಾಲಯವಲ್ಲ, ಬಾಕಿ ಕೂಲಿಯ ಜಾಗ ಕಾರ್ಮಿಕ ಅಧಿಕಾರಿಯ ಕಚೇರಿ. ಆದರೆ ಸಂಘಕ್ಕೆ ದಾರಿಗಳಿವೆ.

ಒಂದು, ಐಎಲ್‌ಒ ಸಂವಿಧಾನದ 24ನೇ ವಿಧಿಯ ಅಹವಾಲು. ರಾಷ್ಟ್ರಮಟ್ಟದ ಸಂಘವೇ ಆಗಬೇಕೆಂದಿಲ್ಲ, ಮಾಲೀಕರ ಅಥವಾ ಕಾರ್ಮಿಕರ ಔದ್ಯೋಗಿಕ ಸಂಘವಾಗಿದ್ದರೆ ಸಾಕು. ಅಹವಾಲು ಲಿಖಿತವಾಗಿರಬೇಕು, 24ನೇ ವಿಧಿಯಡಿ ಎಂದು ಸ್ಪಷ್ಟವಾಗಿ ಹೇಳಿರಬೇಕು, ಸದಸ್ಯ ದೇಶವೊಂದರ ವಿರುದ್ಧ ಇರಬೇಕು, ಆ ದೇಶ ಅನುಮೋದಿಸಿದ ಒಡಂಬಡಿಕೆಯನ್ನು ಹೆಸರಿಸಬೇಕು, ಯಾವ ವಿಷಯದಲ್ಲಿ ಅದು ಪಾಲನೆಯಾಗಿಲ್ಲ ಎಂದು ತೋರಿಸಬೇಕು. ಇಂಥವು ಬಾಗಿಲಲ್ಲೇ ಬಿದ್ದುಹೋಗಲು ಕಾರಣಗಳು ಊಹಿಸುವಂಥವೇ: ಪತ್ರಿಕೆ ತುಣುಕುಗಳ ಕಟ್ಟು ಇರುತ್ತದೆ, ಒಡಂಬಡಿಕೆಯ ಸಂಖ್ಯೆ ಇರುವುದಿಲ್ಲ, ಅಥವಾ ಸಂಖ್ಯೆ ಇರುತ್ತದೆ, ಅದು ಭಾರತ ಒಪ್ಪದ 87 ಆಗಿರುತ್ತದೆ.

87ಕ್ಕೆ ಸಂಬಂಧಿಸಿದ ದೂರಿಗೆ ಬೇರೆ ಬಾಗಿಲಿದೆ. 1951ರಲ್ಲಿ ರಚನೆಯಾದ ಸಂಘ ಸ್ವಾತಂತ್ರ್ಯ ಸಮಿತಿ, ಒಡಂಬಡಿಕೆ ಅನುಮೋದಿಸದ ದೇಶದ ವಿರುದ್ಧವೂ ದೂರು ಕೇಳುತ್ತದೆ, ಏಕೆಂದರೆ ಸಂಘ ಕಟ್ಟುವ ತತ್ವ ಐಎಲ್‌ಒ ಸಂವಿಧಾನದಲ್ಲೇ ಇದೆ. ಸದಸ್ಯತ್ವದ ಪತ್ರ ಎಷ್ಟು ದೂರ ಹೋಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ದೂರನ್ನು ವಿಷಯಕ್ಕೆ ನೇರ ಸಂಬಂಧವಿರುವ ದೇಶದೊಳಗಿನ ಸಂಘ ಅಥವಾ ಅಂತರರಾಷ್ಟ್ರೀಯ ಸಂಘ ಸಹಿ ಮಾಡಿ, ಪುರಾವೆ ಸಮೇತ ಕೊಡಬೇಕು.

ಇವೆಲ್ಲಕ್ಕಿಂತ ಸುಲಭದ, ಆದರೆ ಕಡಿಮೆ ಬಳಕೆಯಾಗುವ ದಾರಿ ವರದಿಯ ಮೇಲಿನ ಟಿಪ್ಪಣಿ. ಅನುಮೋದಿಸಿದ ಒಡಂಬಡಿಕೆಗಳ ಬಗ್ಗೆ ಸರ್ಕಾರ ಮೂಲಭೂತ ಮತ್ತು ಆಡಳಿತಾತ್ಮಕವಾದವುಗಳಿಗೆ 3 ವರ್ಷಕ್ಕೊಮ್ಮೆ, ಉಳಿದವಕ್ಕೆ 6 ವರ್ಷಕ್ಕೊಮ್ಮೆ ವರದಿ ಕಳಿಸಬೇಕು. ಅದರ ಪ್ರತಿಯನ್ನು ಪ್ರಾತಿನಿಧಿಕ ಸಂಘಗಳಿಗೆ ಕೊಡಲೇಬೇಕು. ವರದಿಯನ್ನು ಓದುವುದು 20 ಮಂದಿ ಕಾನೂನು ಪರಿಣತರ ತಜ್ಞರ ಸಮಿತಿ, 1926ರಿಂದ ಇರುವುದು. ಭಟ್ಟಿಯಲ್ಲಿ ತಪಾಸಣೆ ಕೊನೆಯ ಸಲ ನಡೆದದ್ದು ಯಾವಾಗ, ಕ್ರಷರ್‌ನಲ್ಲಿ ಎಷ್ಟು ಜನ ದುಡಿಯುತ್ತಾರೆ, ಕಚೇರಿಗೆ ಕೊಟ್ಟ ಅರ್ಜಿಗೆ ಯಾವ ತಾರೀಖಿನಲ್ಲಿ ಏನು ಉತ್ತರ ಬಂತು, ಇಂಥ ಎರಡು ಪುಟದ ಮಾಹಿತಿ ಕೇಂದ್ರ ಕಾರ್ಮಿಕ ಸಂಘದ ಮೂಲಕ ಹೋದರೆ ಸರ್ಕಾರ ಅದಕ್ಕೆ ಉತ್ತರ ಬರೆಯಬೇಕಾಗುತ್ತದೆ. ಘೋಷಣೆ ಕೂಗುವ ಭಾಷೆಯಲ್ಲಿ ಬರೆದ ಹತ್ತು ಪುಟಕ್ಕಿಂತ ಇದು ಬೆಲೆಯುಳ್ಳದ್ದು. ಟಿಪ್ಪಣಿ ಜಿನೀವಾಕ್ಕೆ ಸೆಪ್ಟೆಂಬರ್ 1ರೊಳಗೆ ತಲುಪಬೇಕು, ತಡವಾದರೆ ಆ ವರ್ಷದ ಸರದಿ ತಪ್ಪಬಹುದು.

ಯಾವ ಹಂತದಲ್ಲೂ ಪೊಲೀಸರಿಲ್ಲ, ಜಪ್ತಿಯಿಲ್ಲ. ಸದಸ್ಯ ದೇಶದ ಮೇಲೆ ಕ್ರಮ ಕೈಗೊಳ್ಳುವಂತೆ ಉಳಿದವರಿಗೆ ಹೇಳುವ 33ನೇ ವಿಧಿಯನ್ನು ಮೊದಲ ಬಾರಿ ಬಳಸಿದ್ದು 2000ದಲ್ಲಿ, ಮ್ಯಾನ್ಮಾರ್‌ನ ಬಲವಂತದ ದುಡಿಮೆಯ ವಿರುದ್ಧ. ಎರಡನೇ ಬಾರಿ 2023ರಲ್ಲಿ, ಬೆಲಾರಸ್ ವಿರುದ್ಧ. ಉಳಿದಂತೆ ನಡೆಯುವುದು ಪ್ರಶ್ನೆ, ಉತ್ತರ, ಮತ್ತೆ ಪ್ರಶ್ನೆ.

ಬೇಸತ್ತು ಹೊರನಡೆಯಲೂ ಬಹುದು, ಆದರೆ ಸೇರಿದಷ್ಟು ಬೇಗ ಅಲ್ಲ. ನೋಟಿಸು ತಲುಪಿ ಎರಡು ವರ್ಷ ಕಾಯಬೇಕು, ವಂತಿಗೆ ಬಾಕಿ ಇಟ್ಟಿರಬಾರದು. ಅಮೆರಿಕ 1975ರ ನವೆಂಬರ್‌ನಲ್ಲಿ ನೋಟಿಸು ಕೊಟ್ಟು 1977ರ ನವೆಂಬರ್‌ನಲ್ಲಿ ಹೊರಹೋಯಿತು. ಬಜೆಟ್‌ನ ಕಾಲುಭಾಗ ಅದರದ್ದೇ ಆಗಿದ್ದರಿಂದ ಸಂಘಟನೆ ಸಿಬ್ಬಂದಿ ಕಡಿತ ಮಾಡಬೇಕಾಯಿತು. 1980ರ ಫೆಬ್ರವರಿಯಲ್ಲಿ ಅಮೆರಿಕ ಮರಳಿತು. ವರ್ಣಭೇದ ನೀತಿಗಾಗಿ ಟೀಕೆಗೆ ಗುರಿಯಾದ ದಕ್ಷಿಣ ಆಫ್ರಿಕಾ 1964ರಲ್ಲಿ ನೋಟಿಸು ಕೊಟ್ಟು ಹೋದದ್ದು 1994ರಲ್ಲಿ ವಾಪಸಾಯಿತು. ಹೊರಹೋದವರಿಗೂ ಒಂದು ಕಟ್ಟು ಉಳಿಯುತ್ತದೆ: ಸದಸ್ಯನಾಗಿದ್ದಾಗ ಅನುಮೋದಿಸಿದ ಒಡಂಬಡಿಕೆಗಳು ಸದಸ್ಯತ್ವ ಬಿಟ್ಟ ಕೂಡಲೇ ಬಿದ್ದುಹೋಗುವುದಿಲ್ಲ. ಅವುಗಳಿಂದ ಬಿಡಿಸಿಕೊಳ್ಳಲು ಒಂದೊಂದಕ್ಕೂ ಪ್ರತ್ಯೇಕ ಪತ್ರ ಬೇಕು, ಅದನ್ನೂ ಆಯಾ ಒಡಂಬಡಿಕೆ ಹೇಳಿದ ಅವಧಿಯಲ್ಲೇ, ಬಹುತೇಕ ಹತ್ತು ವರ್ಷಕ್ಕೊಮ್ಮೆ ತೆರೆಯುವ ಒಂದು ವರ್ಷದ ಕಾಲಾವಕಾಶದಲ್ಲಿ, ಕೊಡಬೇಕು.